ಹನ್ನೆರಡು ಅಂದರೆ ಹನ್ನೆರಡು ಏನು?

ಕನ್ನಡ ಪಾಠ ಮಾಡುವವರನ್ನು ಕಂಡರೆ ಜನ ಒಂದು ಪದ್ಯ ಹೇಳಿ ಅನ್ನುತ್ತಾರೆ. ಲೆಕ್ಕದ ಮೇಷ್ಟ್ರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ. ಫಿಸಿಕ್ಸ್ ಹೇಳಿಕೊಡುವವರು ಸಿಕ್ಕರೆ ಮಾತ್ರ ಮಿಕ್ಸಿಯಿಂದ ಹಿಡಿದು ಗ್ರಹಣದವರೆಗೆ ಎಲ್ಲವನ್ನೂ ಕೇಳುತ್ತಾರೆ. ನಾನು ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿ ಓಲ್ಡ್ ಟೌನಿನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದೆ. ಮನೆ ಶಿವಮೊಗ್ಗದಲ್ಲಿ. ಕ್ಲಾಸಿನಲ್ಲಿ ಪ್ರಶ್ನೆ, ಬಸ್ಸಿನಲ್ಲಿ ಪ್ರಶ್ನೆ, ಮನೆಗೆ ಬಂದರೆ ಅಲ್ಲೂ ಪ್ರಶ್ನೆ. ನನಗೆ ಉತ್ತರ ಗೊತ್ತಿಲ್ಲದೆ ಒದ್ದಾಡಿದ್ದು ಬಹಳ ಕಡಿಮೆ, ಸುಳ್ಳು ವಿನಯ ಯಾಕೆ. ಎಡವಟ್ಟೆಲ್ಲ ಆಗುತ್ತಿದ್ದದ್ದು ನಾನು ಸರಿಯಾದ ಉತ್ತರ ಕೊಟ್ಟ ಮೇಲೆ.

ಒಂದು: ಕರೆಂಟ್ ಬಿಲ್ಲಿನ ಸಾಕ್ಷಿ

ನನ್ನ ಕ್ಲಾಸಿನಲ್ಲಿ ಇದ್ದದ್ದು ಒಂದೇ ಕಾನೂನು. ಸಂಖ್ಯೆ ಬರೆದರೆ ಪಕ್ಕದಲ್ಲಿ ಏಕಮಾನ ಬರೆಯಬೇಕು. ಬೆಳಕಿನ ವೇಗ ಮೂರು ಇಂಟು ಹತ್ತರ ಘಾತ ಎಂಟು ಎಂದು ಬರೆದು ಪೆನ್ನು ಕೆಳಗಿಟ್ಟರೆ ಮಾರ್ಕ್ಸ್ ಇಲ್ಲ. ಅಷ್ಟು ಏನು? ಮೀಟರೋ, ಮೊಳವೋ? ಸೆಕೆಂಡಿಗೋ, ವರ್ಷಕ್ಕೋ? ಹುಡುಗರು ಹಿಂದಿನಿಂದ ನನ್ನನ್ನು ‘ಏನು ಮೇಡಂ’ ಎಂದು ಕರೆಯುತ್ತಿದ್ದರು. ನನಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಅದಕ್ಕಿಂತ ಕೆಟ್ಟ ಹೆಸರು ಪಡೆದವರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದರು.

ಒಮ್ಮೆ ಭೌತ ಸ್ಥಿರಾಂಕಗಳ ಮೇಲೆ ಟೆಸ್ಟ್ ಕೊಟ್ಟೆ. ಕೊನೆಯ ಬೆಂಚಿನ ಒಬ್ಬ ಪ್ಲಾಂಕ್ ಸ್ಥಿರಾಂಕವನ್ನು ಅಚ್ಚುಕಟ್ಟಾಗಿ ಬರೆದಿದ್ದ, ಗುರುತ್ವ ಸ್ಥಿರಾಂಕವನ್ನೂ ಬರೆದಿದ್ದ. ಎಲ್ಲದರ ಮುಂದೆಯೂ ‘ಯೂನಿಟ್’ ಎಂದು ಬರೆದಿದ್ದ. ಕರೆದು ನಿಲ್ಲಿಸಿದೆ.

“ಏನಪ್ಪಾ ಇದು?”

“ಏಕಮಾನ ಮೇಡಂ.”

“ಯೂನಿಟ್ ಅನ್ನೋ ಏಕಮಾನ ಪ್ರಪಂಚದಲ್ಲಿ ಎಲ್ಲಾದ್ರೂ ನೋಡಿದೀಯಾ?”

“ನೋಡಿದೀನಿ ಮೇಡಂ. ನಮ್ಮನೆ ಕರೆಂಟ್ ಬಿಲ್ಲಲ್ಲಿ.”

ಕ್ಲಾಸು ಗೊಳ್ಳೆಂದು ನಕ್ಕಿತು. ಅದು ಕಿಲೋವ್ಯಾಟ್ ಅವರ್ ಎನ್ನುವುದಕ್ಕೆ ಜನ ಇಟ್ಟುಕೊಂಡ ಅಡ್ಡಹೆಸರು, ಪ್ಲಾಂಕ್ ಸ್ಥಿರಾಂಕದ ಜೌಲ್ ಸೆಕೆಂಡಿಗೂ ಅದಕ್ಕೂ ಸಂಬಂಧ ಇಲ್ಲ ಎಂದು ವಿವರಿಸಿದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

“ಆಯ್ತು ಮೇಡಂ, ನಂಗೆ ಕಟ್ ಮಾಡಿ. ಆದ್ರೆ ಕರೆಂಟ್ ಆಫೀಸಿನವರೂ ತಿಂಗಳು ತಿಂಗಳು ಹಾಗೇ ಬರೀತಾರೆ. ಅವರಿಗೆ ಯಾರೂ ಕಟ್ ಮಾಡಲ್ಲ, ಅವರೇ ನಮ್ಮನೇದು ಕಟ್ ಮಾಡ್ತಾರೆ.”

ಎರಡು: ಬಡ ಫೋಟಾನ್

ಗಾಮಾ ಕಿರಣಗಳ ಪಾಠ ಎಂದರೆ ನನಗೆ ಹುರುಪು. ಕಾಣುವ ಬೆಳಕಿನ ಫೋಟಾನಿಗಿಂತ ಗಾಮಾ ಫೋಟಾನಿಗೆ ಲಕ್ಷಾಂತರ ಪಟ್ಟು ಶಕ್ತಿ, ಕಬ್ಬಿಣವನ್ನೂ ತೂರಿಕೊಂಡು ಹೋಗುತ್ತದೆ, ಜೀವಕೋಶವನ್ನು ಕೆಡಿಸುತ್ತದೆ ಎಂದೆಲ್ಲ ಹೇಳಿ ಹುಡುಗರ ಕಣ್ಣು ಅಗಲ ಮಾಡಿಸಿದ್ದೆ. ಆಮೇಲೆ ಅದರ ಶಕ್ತಿಯನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ಒಂದು ಪಾಯಿಂಟ್ ಆರು ಇಂಟು ಹತ್ತರ ಘಾತ ಮೈನಸ್ ಹದಿಮೂರು ಜೌಲ್ ಬಂತು.

ಮುಂದಿನ ಬೆಂಚಿನ ಹುಡುಗಿಗೆ ತೀರಾ ನಿರಾಸೆಯಾಯಿತು. “ಇಷ್ಟೇನಾ ಮೇಡಂ? ಇದರಲ್ಲಿ ಒಂದು ತೊಟ್ಟು ಕಾಫಿನೂ ಬಿಸಿಯಾಗಲ್ಲ.”

ಅವಳು ಹೇಳಿದ್ದು ಸರಿಯಾಗಿತ್ತು. ಒಂದೇ ಫೋಟಾನಿನ ಶಕ್ತಿಗೆ ಜೌಲ್ ದೊಡ್ಡ ಅಳತೆ, ಅದಕ್ಕೇ ಇಲೆಕ್ಟ್ರಾನ್ ವೋಲ್ಟ್ ಬಳಸುತ್ತಾರೆ ಎಂದು ಹೇಳಿ, ಅದೇ ಉತ್ತರವನ್ನು ಇಲೆಕ್ಟ್ರಾನ್ ವೋಲ್ಟಿಗೆ ಬದಲಾಯಿಸಿ ಬರೆದೆ. ಹತ್ತು ಲಕ್ಷ. ಇಡೀ ಕ್ಲಾಸು “ಹೋ” ಎಂದಿತು. ಫೋಟಾನಿಗೆ ಹೋದ ಮರ್ಯಾದೆ ವಾಪಸ್ ಬಂತು.

ಆ ಹುಡುಗಿ ಮಾತ್ರ ಏನೋ ಯೋಚಿಸುತ್ತಿದ್ದಳು. ಬೆಲ್ ಹೊಡೆದ ಮೇಲೆ ನನ್ನ ಹಿಂದೆಯೇ ವರಾಂಡಕ್ಕೆ ಬಂದಳು.

“ಮೇಡಂ, ಇದ್ದದ್ದು ಇದ್ದಷ್ಟೇ ಇದ್ದು, ಏಕಮಾನ ಬದಲಾಯಿಸಿದ್ರೆ ಅಷ್ಟು ದೊಡ್ಡದಾಗಿ ಕಾಣುತ್ತಾ?”

“ಕಾಣುತ್ತೆ.”

“ಮಾರ್ಕ್ಸ್ ಕಾರ್ಡಿಗೂ ಅಂಥದ್ದೊಂದು ಇದ್ರೆ ಹೇಳಿ ಮೇಡಂ. ಮನೇಲಿ ತೋರಿಸ್ಬೇಕು.”

ಮೂರು: ಬಸ್ಸಿನಲ್ಲಿ ಸಾಹೇಬರು

ಭದ್ರಾವತಿಯಿಂದ ಸಂಜೆ ಬಸ್ಸು ಹತ್ತಿದರೆ ಮಾಚೇನಹಳ್ಳಿಯಲ್ಲಿ ಕಾರ್ಖಾನೆ ಬಿಟ್ಟ ಜನ ಹತ್ತುತ್ತಿದ್ದರು. ಅಂದು ಹತ್ತಿದವರಲ್ಲಿ ಒಬ್ಬರ ಜೇಬಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಬಿಲ್ಲೆಯೊಂದು ಸಿಕ್ಕಿಸಿತ್ತು. ಅದುವರೆಗೆ ಡ್ರೈವರ್ ಪಕ್ಕದಲ್ಲಿ ಹರಟೆ ಹೊಡೆಯುತ್ತಿದ್ದ ಕಂಡಕ್ಟರ್ ಆ ಬಿಲ್ಲೆ ನೋಡಿದ್ದೇ ತಡ, ಶರ್ಟಿನ ಗುಂಡಿ ಹಾಕಿಕೊಂಡ. ನಿದ್ದೆ ಮಾಡುತ್ತಿದ್ದವರನ್ನೆಲ್ಲ ಎಬ್ಬಿಸಿ ಟಿಕೆಟ್ ಹರಿದು ಕೊಟ್ಟ. ಮೂಟೆಗಳನ್ನು ಸೀಟಿನ ಕೆಳಗೆ ತಳ್ಳಿಸಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಮೇಡಂ, ಚೆಕಿಂಗ್ ಸಾಹೇಬ್ರು. ಹೊಸಬ್ರು” ಎಂದ.

ಸಾಹೇಬರು ಮಲವಗೊಪ್ಪಕ್ಕೆ ಒಂದು ಟಿಕೆಟ್ ಕೇಳಿದರು.

“ನಿಮಗ್ಯಾಕೆ ಸಾರ್ ಟಿಕೆಟ್ಟು?”

“ಯಾಕೆ ಅಂದ್ರೆ? ಕೊಡಿ ಮಾರಾಯ್ರೆ.”

ಕಂಡಕ್ಟರ್ ಬೆವೆತುಬಿಟ್ಟ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಟಿಕೆಟ್ ಕೊಟ್ಟು, ನನ್ನ ಪಕ್ಕದ ಸೀಟಿನಲ್ಲಿದ್ದವನನ್ನು ಎಬ್ಬಿಸಿ ಅವರನ್ನು ಕೂರಿಸಿದ.

ಅದೇನು ಬಿಲ್ಲೆ ಎಂದು ನಾನೇ ಕೇಳಿದೆ. ಅವರು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಎರಕ ಹೊಯ್ದ ಉಕ್ಕಿನ ಒಳಗೆ ಬಿರುಕು ಇದೆಯೋ ಇಲ್ಲವೋ ನೋಡಲು ಅದರೊಳಗೆ ಗಾಮಾ ಕಿರಣ ಹಾಯಿಸಿ ಫಿಲ್ಮ್ ತೆಗೆಯುವುದು ಅವರ ಕೆಲಸ. ಕೆಲಸದಲ್ಲಿ ತಮ್ಮ ಮೈಗೆ ಎಷ್ಟು ಕಿರಣ ತಗುಲಿತು ಎಂಬುದನ್ನು ಈ ಬಿಲ್ಲೆ ಹಿಡಿದಿಟ್ಟುಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ಕಳಿಸಿದರೆ ಓದಿ ಹೇಳುತ್ತಾರೆ, ಇದನ್ನು ಕಾರ್ಖಾನೆಯಲ್ಲೇ ಬಿಟ್ಟು ಬರಬೇಕು, ಇವತ್ತು ಮರೆತು ಸಿಕ್ಕಿಸಿಕೊಂಡೇ ಬಂದೆ ಎಂದರು. ಅವರು ಮರೆಯದ ದಿನವೇ ಅಪರೂಪ ಎಂಬುದು ನನಗೆ ಆಮೇಲೆ ಗೊತ್ತಾಯಿತು.

“ಎಷ್ಟು ಬರುತ್ತೆ?” ಎಂದು ಕೇಳಿದೆ.

“ಒಂದು ಸಲ ಸೊನ್ನೆ ಪಾಯಿಂಟ್ ಎರಡು ಮಿಲಿಸೀವರ್ಟ್ ಬಂದಿತ್ತು. ಉಳಿದಂತೆ ಪ್ರತೀ ಸಲ ಸೊನ್ನೆ ಮಿಲಿಸೀವರ್ಟ್.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕೆನ್ನೆ ಬಿಸಿಯಾಗಿತ್ತು. ಸೊನ್ನೆಗೂ ಏಕಮಾನ ಹಾಕಿ ಮಾತಾಡುವ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಾಲ್ಕು: ಸೀಸದ ತಾಳಿ

ಮುಂದಿನ ಕೆಲವು ತಿಂಗಳು ಆ ಬಸ್ಸಿನಲ್ಲಿ ಎಷ್ಟು ಮಾತಾಡಿದೆವು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇವರನ್ನೇ ಮದುವೆಯಾಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಜಾತಿ, ಜಾತಕ ಹೊಂದಿದವು. ಉಳಿದದ್ದು ದೊಡ್ಡಪ್ಪನ ಒಪ್ಪಿಗೆ. ದೊಡ್ಡಪ್ಪ ನಿವೃತ್ತ ಸಂಸ್ಕೃತ ಪಂಡಿತರು, ನಮ್ಮ ಮನೆಯಲ್ಲಿ ಅವರು ತಲೆಯಾಡಿಸದೆ ಹಾಲು ಕೂಡ ಉಕ್ಕುತ್ತಿರಲಿಲ್ಲ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಬಸ್ಸಿನ ಸಾಹೇಬರು ತಾಯಿಯನ್ನು ಕರೆದುಕೊಂಡು ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಂದು ಪರೀಕ್ಷೆ ನಡೆದದ್ದು ಹುಡುಗನಿಗೆ.

“ಆ ಕಿರಣ ಕಣ್ಣಿಗೆ ಕಾಣುತ್ತೇನಪ್ಪಾ?” ದೊಡ್ಡಪ್ಪ ಶುರು ಮಾಡಿದರು.

“ಇಲ್ಲ.”

“ವಾಸನೆ?”

“ಇಲ್ಲ.”

“ಕಾಣಲ್ಲ, ವಾಸನೆ ಇಲ್ಲ, ಗೋಡೆ ದಾಟಿ ಬರುತ್ತೆ. ನೀನು ಹೇಳ್ತಿರೋದು ಬೆಳಕಿನ ವಿಷಯಾನೋ, ದೆವ್ವದ ವಿಷಯಾನೋ?”

“ಬೆಳಕೇ. ಶಕ್ತಿ ಜಾಸ್ತಿ, ಅಷ್ಟೆ.”

“ಮನೆಗೆ ಬಂದ ಮೇಲೂ ಮೈಗೆ ಅಂಟ್ಕೊಂಡಿರುತ್ತಾ? ಮೈಲಿಗೆ ಥರ?”

“ಟಾರ್ಚ್ ಆರಿಸಿದ ಮೇಲೆ ಮೈ ಮೇಲೆ ಬೆಳಕು ಉಳಿಯುತ್ತಾ ಸಾರ್? ಇದೂ ಹಾಗೇ. ಉಳಿಯಲ್ಲ.”

“ಆದ್ರೂ ಸ್ನಾನ ಮಾಡಿ ಒಳಗೆ ಬರೋದು ಒಳ್ಳೇದು.”

“ಮಾಡ್ತೀನಿ.”

ಹುಡುಗನ ತಾಯಿ ಬಾಯಿ ಹಾಕಿದರು. ಗಟ್ಟಿ ಹೆಂಗಸು, ಮಾತೂ ಗಟ್ಟಿ. “ನೀವೇನೂ ಹೆದರ್ಬೇಡಿ. ಕಾರ್ಖಾನೆಯವರೇ ಇವನಿಗೊಂದು ರಕ್ಷೆ ಕೊಟ್ಟಿದ್ದಾರೆ, ಬಿಲ್ಲೆ ಥರದ್ದು. ಅದು ಇರೋವರೆಗೆ ಯಾವ ಕಿರಣಾನೂ ಹತ್ರ ಬರಲ್ಲ. ನಾನು ಅದಕ್ಕೆ ಕುಂಕುಮ ಇಟ್ಟೇ ಕಳಿಸೋದು.”

“ಅಮ್ಮಾ, ಅದು ರಕ್ಷೆ ಅಲ್ಲ. ಅಳತೆ ಮಾಡೋದು. ಮೀಟರ್ ಇದ್ದ ಹಾಗೆ.”

“ಮೀಟರ್ ಆದ್ರೇನು? ಕುಂಕುಮ ಬೇಡ ಅಂತ ಅದು ಹೇಳಿದ್ಯಾ?”

ದೊಡ್ಡಪ್ಪನಿಗೆ ಸಮಾಧಾನವಾಗಲಿಲ್ಲ. “ಆ ಕಿರಣವನ್ನ ತಡೆಯೋ ವಸ್ತು ಅಂತ ಯಾವುದೂ ಇಲ್ವೇನಪ್ಪಾ?”

“ಇದೆ. ಸೀಸ. ದಪ್ಪಗೆ ಇದ್ರೆ ತಡೆಯುತ್ತೆ.”

ಅಡಿಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. “ಹಂಗಾದ್ರೆ ಇವಳಿಗೆ ತಾಳಿ ಚಿನ್ನದ್ದು ಬೇಡ. ಸೀಸದ್ದೇ ಮಾಡಿಸೋಣ, ಸ್ವಲ್ಪ ದಪ್ಪಗೆ.”

ಐದು: ಸೊನ್ನೆ ಬಂದವನು

ಅವರು ಹೋದ ಮೇಲೆ ದೊಡ್ಡಪ್ಪ ನನ್ನನ್ನು ಕರೆದರು. ಆ ಬಿಲ್ಲೆಯಲ್ಲಿ ಇದುವರೆಗೆ ಎಷ್ಟು ಬಂದಿದೆ ಎಂದು ಕೇಳಿದರು. ಒಂದು ಸಲ ಬಿಟ್ಟರೆ ಎಲ್ಲ ಸಲವೂ ಸೊನ್ನೆ ಎಂದು ನಾನು ಹೆಮ್ಮೆಯಿಂದ ಹೇಳಿದೆ.

“ಸೊನ್ನೆನಾ? ಕೆಲಸಕ್ಕೆ ಹೋಗ್ತಾನೋ, ಬಸ್ ಸ್ಟ್ಯಾಂಡಲ್ಲಿ ಕೂತು ವಾಪಸ್ ಬರ್ತಾನೋ?”

“ದೊಡ್ಡಪ್ಪಾ, ಇದರಲ್ಲಿ ಸೊನ್ನೆ ಬಂದ್ರೇ ಒಳ್ಳೇದು. ಜಾಗ್ರತೆಯಿಂದ ಕೆಲಸ ಮಾಡ್ತಾರೆ ಅಂತ ಅರ್ಥ.”

“ನೋಡು ಪುಟ್ಟಿ, ನಾನು ಇಡೀ ಜನ್ಮ ಪಾಠ ಮಾಡಿದೀನಿ. ಸೊನ್ನೆ ತಗೊಂಡವನನ್ನ ಜಾಣ ಅಂದವರನ್ನ ಇವತ್ತೇ ನೋಡ್ತಿರೋದು.”

ಹಾಗೆ ಅಂದರೂ ಒಪ್ಪಿದರು. ಮಲವಗೊಪ್ಪಕ್ಕೆ ತಾವೇ ಹೋಗಿ ಮಾತು ಕೊಟ್ಟು ಬಂದರು. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಸ್ಟಾಫ್ ರೂಮಿನಲ್ಲಿ ನಾನು ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ. ಕರೆಂಟ್ ಬಿಲ್ಲಿನ ಹುಡುಗ ಬಾಗಿಲಲ್ಲಿ ಇಣುಕಿ, “ಮೇಡಂ, ನಮಗೂ ಒಂದೊಂದು ಯೂನಿಟ್” ಎಂದ.

ಆರು: ಹನ್ನೆರಡು

ನಿಶ್ಚಿತಾರ್ಥಕ್ಕೆ ಇನ್ನು ಕೆಲವೇ ದಿನ ಇದ್ದಾಗ ಒಂದು ಸಂಜೆ ಮಾಚೇನಹಳ್ಳಿಯಲ್ಲಿ ಬಸ್ಸು ಹತ್ತಿದ ನಮ್ಮ ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಜೇಬಿನಲ್ಲಿ ಬಿಲ್ಲೆ ಇರಲಿಲ್ಲ.

“ಈ ಸಲದ ರೀಡಿಂಗ್ ಬಂತು. ಹನ್ನೆರಡು ಮಿಲಿಸೀವರ್ಟ್.”

ಹೇಗೆ ಬಂತು ಎಂದರೆ ಅವರಿಗೂ ಗೊತ್ತಿಲ್ಲ. ಒಂದೇ ಒಂದು ದಿನವೂ ನಿಯಮ ಮೀರಿ ಕಿರಣದ ಹತ್ತಿರ ಹೋಗಿಲ್ಲ ಎಂದು ನನ್ನ ಮುಂದೆ ಆಣೆ ಮಾಡಿದರು. ಫೌಂಡ್ರಿಯವರು ಅವರನ್ನು ಗಾಮಾ ಕೆಲಸದಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದ್ದರು. ಹತ್ತು ಮಿಲಿಸೀವರ್ಟ್ ದಾಟಿದರೆ ವಿಚಾರಣೆ ಆಗಲೇಬೇಕು, ಅದರಲ್ಲಿ ಕಾರಣ ಹೇಳಲು ಆಗದಿದ್ದರೆ ಕೆಲಸವೇ ಹೋಗುತ್ತಿತ್ತು. ಹನ್ನೆರಡು ಮಿಲಿಸೀವರ್ಟಿನಿಂದ ಯಾರೂ ಹಾಸಿಗೆ ಹಿಡಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನಗೆ ಹೆದರಿಕೆಯಾಯಿತು. ಕಿರಣಕ್ಕಲ್ಲ, ದೊಡ್ಡಪ್ಪನಿಗೆ.

ಫೌಂಡ್ರಿಯ ಯಾರದೋ ಬಾಯಿಂದ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ದಾರಿಯಲ್ಲಿ ಮಿಲಿಸೀವರ್ಟ್ ಉದುರಿಹೋಗಿ, ಬರೀ ಹನ್ನೆರಡು ಬಂದು ತಲುಪಿತ್ತು. ನಡುಮನೆಯಲ್ಲಿ ಸಭೆ ನಡೆಯುತ್ತಿತ್ತು.

“ಹನ್ನೆರಡು ಪರ್ಸೆಂಟ್ ಸುಟ್ಟುಹೋಗಿದಾನಂತೆ” ಎಂದರು ದೊಡ್ಡಮ್ಮ.

“ಏನ್ ಮಹಾ ಹನ್ನೆರಡು? ನನ್ನ ಶುಗರ್ ಇನ್ನೂರ ಇಪ್ಪತ್ತಿದೆ, ಓಡಾಡ್ಕೊಂಡಿಲ್ವಾ?” ಎಂದರು ಚಿಕ್ಕಪ್ಪ, ಕೈಯಲ್ಲಿದ್ದ ಮೈಸೂರು ಪಾಕ್ ಮುಗಿಸುತ್ತಾ.

“ನೀನು ಸುಮ್ನಿರು. ವಿಷ ಆದ್ರೆ ಹನ್ನೆರಡು ತೊಟ್ಟು ಸಾಲದಾ?” ಎಂದರು ದೊಡ್ಡಪ್ಪ.

ನಾನು ಚೀಲ ಕೆಳಗಿಟ್ಟು ಕ್ಲಾಸಿನ ಧ್ವನಿಯಲ್ಲೇ ಕೇಳಿದೆ: “ಹನ್ನೆರಡು ಅಂದ್ರೆ ಹನ್ನೆರಡು ಏನು? ಪರ್ಸೆಂಟಾ, ತೊಟ್ಟಾ, ಮಣನಾ? ಇಲ್ಲಿ ಯಾರಿಗಾದ್ರೂ ಗೊತ್ತಾ?”

ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ನಾನು ಗೆದ್ದೆ ಎಂದುಕೊಂಡೆ.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. “ಹನ್ನೆರಡು ಅಂದ್ರೆ ಹನ್ನೆರಡು. ಮದುವೆ ನಿಲ್ಸೋದಕ್ಕೆ ಏಕಮಾನ ಬೇಕಾಗಿಲ್ಲ ಪುಟ್ಟಿ.”

ಏಳು: ಮಂಡಿಯೊಳಗಿನ ಬಿಲ್ಲೆ

ದೊಡ್ಡಪ್ಪನಿಗೆ ಒಂದು ಕಟ್ಟುನಿಟ್ಟು ಇತ್ತು. ಮಾತು ಕೊಟ್ಟವರೇ ಆ ಮನೆ ಬಾಗಿಲಿಗೆ ಹೋಗಿ ಮಾತು ವಾಪಸ್ ಪಡೆಯಬೇಕು, ಹೇಳಿ ಕಳಿಸುವುದೆಲ್ಲ ಮರ್ಯಾದಸ್ಥರ ಕೆಲಸವಲ್ಲ. ಭಾನುವಾರ ಅಪ್ಪನನ್ನು ಕರೆದುಕೊಂಡು ಹೊರಟರು. ಬೇಡ ಎಂದರೂ ಕೇಳದೆ ನಾನೂ ಆಟೋ ಹತ್ತಿದೆ. ನಾನು ಅಳಬಾರದೆಂದು ತೀರ್ಮಾನ ಮಾಡಿದ್ದೆ, ಆದರೆ ಮಲವಗೊಪ್ಪ ಬರುವಷ್ಟರಲ್ಲಿ ಕರ್ಚೀಫು ಒದ್ದೆಯಾಗಿತ್ತು.

ತಾಯಿ ಕಾಲು ನೀಡಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಗ ಕಾಫಿ ಮಾಡಿ ತಂದುಕೊಟ್ಟು ಗೋಡೆಗೆ ಒರಗಿ ನಿಂತರು. ನಾವು ಯಾಕೆ ಬಂದಿದ್ದೇವೆಂದು ಅವರಿಗೆ ಗೊತ್ತಿತ್ತು. ದೊಡ್ಡಪ್ಪ ಕಾಫಿ ಕುಡಿದು ಹೇಳೋಣವೆಂದುಕೊಂಡರು, ಕಾಫಿ ಮುಗಿಯಿತು. ಮರ್ಯಾದೆಗೆ ಏನಾದರೂ ಕೇಳಬೇಕಲ್ಲ.

“ಕಾಲಿಗೇನಾಯ್ತು?”

“ಅಯ್ಯೋ, ಅದನ್ನ ಕೇಳ್ಬೇಡಿ” ಎಂದು ತಾಯಿ ಕೇಳದಿದ್ದದ್ದನ್ನೂ ಹೇಳತೊಡಗಿದರು. “ಮಂಡಿ ನೋವು. ಎರಡು ತಿಂಗಳ ಹಿಂದೆ ಶಿವಮೊಗ್ಗದಲ್ಲಿ ಎಕ್ಸ್-ರೇ ತೆಗೆಸ್ದೆ, ತಂಗಿ ಜೊತೆ ಹೋಗಿ. ತೆಗೆಯೋವ್ನು ಫಿಲ್ಮ್ ನೋಡಿ, ಸರಿ ಬಂದಿಲ್ಲಮ್ಮ, ಇನ್ನೊಂದು ಸಲ ಅಂದ. ಮತ್ತೆ ತೆಗೆದ. ಮತ್ತೆ ಸರಿ ಬಂದಿಲ್ಲ ಅಂದ. ತೆಗೆದ, ತೆಗೆದ, ಸಾಕಾಗೋವರೆಗೆ ತೆಗೆದ. ಡಾಕ್ಟ್ರು ನೋಡಿ, ನಿಮ್ಮ ಮಂಡಿ ಒಳಗೆ ಏನೋ ಪ್ಲೇಟ್ ಇದೆ, ಯಾವಾಗ ಆಪರೇಷನ್ ಆಗಿತ್ತು ಅಂದ್ರು. ನನ್ನ ಮೈಗೆ ಇವತ್ತಿನವರೆಗೆ ಕತ್ತಿ ತಾಗಿಲ್ಲ! ಹಾಗಾದ್ರೆ ದೊಡ್ಡ ಆಸ್ಪತ್ರೆಗೆ ಹೋಗಿ ಅಂದ್ರು. ಶುಭಕಾರ್ಯದ ಹೊತ್ತಲ್ಲಿ ಯಾಕೆ ಅಂತ ಇವನಿಗೂ ಹೇಳಿರ್ಲಿಲ್ಲ.”

ಮಗ ಗಾಬರಿಯಾಗಿ ಫಿಲ್ಮ್ ಎಲ್ಲಿ ಎಂದರು. ಬೀರುವಿನ ಮೇಲಿಂದ ಕಂದು ಬಣ್ಣದ ದೊಡ್ಡ ಕವರು ಇಳಿಯಿತು. ಮೊದಲು ದೊಡ್ಡಪ್ಪ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ “ಹೌದು, ಕಷ್ಟ ಇದೆ” ಎಂದರು. ನಾನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಮಗನೂ ಬಂದು ನನ್ನ ಪಕ್ಕ ನಿಂತರು.

ಮಂಡಿಯ ಮೂಳೆಯ ಮೇಲೆ ಅಚ್ಚುಕಟ್ಟಾಗಿ, ಬೆಂಕಿಪೊಟ್ಟಣದ ಅಳತೆಯ ಒಂದು ಚೌಕಟ್ಟು. ಅದರೊಳಗೆ ಸಾಲಾಗಿ ದುಂಡನೆಯ ಗುರುತುಗಳು. ಮೇಲೆ ಜೇಬಿಗೆ ಸಿಕ್ಕಿಸುವ ಕ್ಲಿಪ್ಪು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ತಾಯಿಯ ಕಡೆ ತಿರುಗಿದರು.

“ಅಮ್ಮಾ, ಎಕ್ಸ್-ರೇ ತೆಗೆಸೋವಾಗ ನನ್ನ ಬಿಲ್ಲೆ ಎಲ್ಲಿತ್ತು?”

“ಎಲ್ಲಿರುತ್ತೆ? ಅವತ್ತು ನಿಂಗೆ ರಜ, ಮನೇಲೇ ಇತ್ತು. ತಗೊಂಡು ಹೋಗಿ ಮಂಡಿ ಮೇಲೆ ಕಟ್ಕೊಂಡಿದ್ದೆ, ಸೀರೆ ಒಳಗೆ. ಆ ಮಿಷಿನ್ನು ಬಿಡೋ ಕಿರಣ ಹೊಡೆದ್ರೆ ಏನು ಗತಿ? ನೀನೇ ಹೇಳಿದ್ಯಲ್ಲ, ಎಕ್ಸ್-ರೇನೂ ಗಾಮಾನೂ ಅಣ್ಣತಮ್ಮಂದಿರು ಅಂತ.”

“ತೆಗೆಯೋವ್ನು ನೋಡ್ಲಿಲ್ವಾ?”

“ಅವನಿಗ್ಯಾಕೆ ತೋರಿಸ್ಲಿ? ಸೀರೆ ಮೇಲಿಂದಾನೇ ತೆಗಿ ಅಂದೆ.”

ನಾನು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕೂತು ನಕ್ಕೆ. ಅಷ್ಟು ದಿನದ ಹೆದರಿಕೆಯೆಲ್ಲ ನಗುವಾಗಿ ಹೊರಬಂತು, ಅಳುವೂ ಜೊತೆಗೇ ಬಂತು. ಮಗ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಅಪ್ಪನಿಗೆ ಅರ್ಥವಾಯಿತು. ದೊಡ್ಡಪ್ಪನಿಗೆ ಆಗಲಿಲ್ಲ, ನಾನು ಬಿಡಿಸಿ ಹೇಳಿದೆ. ಒಂದೊಂದು ಸಲ ಎಕ್ಸ್-ರೇ ತೆಗೆದಾಗಲೂ ಬಿಲ್ಲೆ ಅದನ್ನು ಹಿಡಿದಿಟ್ಟುಕೊಂಡಿತು. ಬಿಲ್ಲೆ ಅಡ್ಡ ಬಂದು ಫಿಲ್ಮ್ ಕೆಟ್ಟಿತೆಂದು ಎಕ್ಸ್-ರೇಯವನು ಮತ್ತೆ ತೆಗೆದ, ಬಿಲ್ಲೆ ಮತ್ತೆ ಹಿಡಿದುಕೊಂಡಿತು. ಎಲ್ಲ ಸೇರಿ ಹನ್ನೆರಡಾಯಿತು. ಮಗನಿಗೆ ತಗುಲಿದ್ದು ಎಂದಿನಂತೆ ಸೊನ್ನೆ ಮಿಲಿಸೀವರ್ಟ್. ಈ ಫಿಲ್ಮನ್ನೇ ವಿಚಾರಣೆಗೆ ಕೊಟ್ಟರೆ ಸಾಕು, ಕೆಲಸಕ್ಕೂ ಏನೂ ಆಗುವುದಿಲ್ಲ. ಮುಂದೆ ಹಾಗೆಯೇ ಆಯಿತು.

“ಹಾಗಾದ್ರೆ ಆ ಹನ್ನೆರಡು?” ದೊಡ್ಡಪ್ಪ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತಾಯಿ ಕುರ್ಚಿಯಲ್ಲಿ ನೆಟ್ಟಗಾದರು. ಮುಖದಲ್ಲಿ ಎಲ್ಲಿಲ್ಲದ ಕಳೆ ಬಂದಿತ್ತು. “ನೋಡಿದ್ರಾ? ನಾನು ಹೇಳಿದ್ದು ಯಾರೂ ನಂಬ್ಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಆ ಬಿಲ್ಲೆನೇ ತಗೊಂಡಿದೆ. ನನ್ನ ಮಂಡಿಗೆ ಒಂದೂ ಬಿಟ್ಟಿಲ್ಲ!”

ಹಾಗಲ್ಲ, ಅದು ತಡೆಯುವುದಿಲ್ಲ, ಅಳೆಯುತ್ತದೆ ಎಂದು ನಾನು ಫಿಸಿಕ್ಸ್ ಶುರು ಮಾಡಿದೆ. ದೊಡ್ಡಪ್ಪ ಕೈಯೆತ್ತಿ ನನ್ನನ್ನು ತಡೆದರು. ಎದ್ದು ಹೋಗಿ ಹುಡುಗನ ಹೆಗಲ ಮೇಲೆ ಕೈಯಿಟ್ಟು, ಬಾಗಿಲ ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದರು. ಎಲ್ಲರಿಗೂ ಕೇಳಿಸಿತು.

“ಅಳಿಯಂದ್ರೇ, ಅಂಥದ್ದು ಇನ್ನೊಂದು ಸಿಗುತ್ತಾ? ಮುಂದಿನ ವಾರ ನನ್ನ ಸೊಂಟದ ಎಕ್ಸ್-ರೇ ಇದೆ.”